ಪಾಸಾಗದ ಮಾಸ್ತರು

ಲಕಮನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ನೀರೆತ್ತುವ ಪಂಪಿನ ಮೋಟಾರುಗಳು ತಯಾರಾಗುತ್ತವೆ. ಅದರ ಜೊತೆಗೆ, ಯಾರೂ ಆರ್ಡರು ಕೊಡದಿದ್ದರೂ, ವಾರಕ್ಕೊಂದಾದರೂ ನಗೆಯ ಪ್ರಸಂಗ ತಯಾರಾಗಿಯೇ ತೀರುತ್ತದೆ. ನಾನು ಅಲ್ಲಿಯ ಕಾರಕೂನ. ಹಾಜರಿ ಪುಸ್ತಕ ಬರೆಯುವುದು ನನ್ನ ಕೆಲಸ, ನಗುವುದು ನನ್ನ ಚಟ. ಈ ಪ್ರಸಂಗಗಳಲ್ಲಿ ಹೆಚ್ಚಿನವು ಇಬ್ಬರ ಸುತ್ತ ಹುಟ್ಟಿದವು. ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರಿಗೆ ಕಿವಿ ಕೇಳುವುದಿಲ್ಲ. ಹಾಗಂತ ಅವರನ್ನು ನೋಡಿ ನಕ್ಕೆವು ಅಂದುಕೊಳ್ಳಬೇಡಿ. ಪ್ರತಿ ಸಲವೂ ಪೇಚಿಗೆ ಬಿದ್ದವರು ಕಣ್ಣು ಕಿವಿ ಎರಡೂ ನೆಟ್ಟಗಿದ್ದ ನಾವೇ.

೧. ಕಣ್ಣು ಬಿದ್ದ ಫ್ಯಾನು

ಮೊದಲನೆಯವರು ಹೆಬ್ಬಳ್ಳಿಯವರು, ಮೂವತ್ತೈದರ ಆಸುಪಾಸು. ಊರಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದರಂತೆ. ಜಡ್ಡು ಬಿದ್ದು ಕಣ್ಣು ಹೋಯಿತು, ಹಿಂದೆಯೇ ಅಂಗಡಿಯೂ ಹೋಯಿತು. ಬಿಳಿ ಕೋಲು ಹಿಡಿದು ನಮ್ಮ ಮಾಲಕರ ಮುಂದೆ ಬಂದು ನಿಂತ ದಿನ, ಮಾಲಕರು ಮುಂದಿನ ಊರು ರಾಯಾಪುರದ ತನಕ ಕೇಳುವಂತೆ ಕೂಗಿದರು: “ಏನ್ ಕೆಲಸಾ ಬರತೈತಿ ತಮ್ಮಾ?”

“ಸಾವ್ಕಾರ್ರ, ಕಣ್ಣಷ್ಟ ಕಾಣಂಗಿಲ್ರಿ. ಕಿವಿ ಗಟ್ಟಿ ಅದಾವ್ರಿ. ಮೋಟಾರ್ ಸಪ್ಪಳಾ ಕೇಳಿ ಅದರ ಜಡ್ಡ ಹೇಳ್ತೇನ್ರಿ. ಈಗ ನೋಡ್ರಿ, ನಿಮ್ಮ ತಲಿ ಮ್ಯಾಲಿನ ಫ್ಯಾನಿನ ಬೇರಿಂಗ್ ಹೋಗೇತಿ. ಈ ವಾರ ದಾಟೂದಿಲ್ಲದು.”

ಮಾಲಕರು ಗಹಗಹಿಸಿ ನಕ್ಕರು. “ಇರ್ಲಿ, ಕಲೀಲಿ ಪಾಪ” ಎಂದು ಸೇರಿಸಿಕೊಂಡರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಕಲಿಯುವವರು’ ಎಂದು ನನ್ನ ಕೈಯಿಂದ ಬರೆಸಿದರು. ನಮ್ಮಲ್ಲಿ ಕಲಿಯುವವರಿಗೆ ಅರ್ಧ ಪಗಾರ. ಆರು ತಿಂಗಳಿಗೆ ಆ ಶಬ್ದ ಹೊಡೆದುಹಾಕಿ ಪೂರಾ ಪಗಾರ ಕೊಡುವುದು ರೂಢಿ.

ನಾಲ್ಕನೆಯ ದಿನ, ಏಪ್ರಿಲ್ಲಿನ ಉರಿಬಿಸಿಲಿನಲ್ಲಿ, ಫ್ಯಾನು ಕಿರ್ರೆಂದು ಕೂಗಿ ನಿಂತೇಬಿಟ್ಟಿತು. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ ಮಾಲಕರು ಅವರ ಮೇಲೆ ಹರಿಹಾಯ್ದರು: “ಎಂಥಾ ಕಣ್ಣ ಹಾಕಿದ್ಯೋ ಮಾರಾಯಾ ನನ್ನ ಫ್ಯಾನಿಗೆ!”

“ಕಣ್ಣ ಎಲ್ಲಿಂದ ತಂದ ಹಾಕಲ್ರಿ ಸಾವ್ಕಾರ್ರ? ನಾ ಹಾಕಿದ್ದು ಕಿವಿ.”

೨. ಗಾಜಿನ ಆಚೆ

ಎರಡನೆಯವರು ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ, ಉತ್ತರವನ್ನು ಒಂದು ಪಾಟಿಯ ಮೇಲೆ ಬಳಪದಿಂದ ಬರೆಯುತ್ತಾರೆ. ಇವರೂ ನನ್ನ ಪುಸ್ತಕದಲ್ಲಿ ‘ಕಲಿಯುವವರು’.

ಮಾಲಕರ ಖೋಲಿಗೆ ದೊಡ್ಡ ಗಾಜಿನ ಗೋಡೆ. ಒಳಗಿನ ಮಾತು ಹೊರಗೆ ಕೇಳಬಾರದೆಂದು ಹಾಕಿಸಿದ್ದು. ಒಂದು ದಿನ ಗಿರಾಕಿಯೊಬ್ಬರು ಫೋನಿನಲ್ಲಿ ರೇಗಾಡುತ್ತಿದ್ದರು. ಮಾಲಕರು ಎಂದಿನಂತೆ, “ಮಾಲು ಆಗಳೇ ಬಿಟ್ಟೈತ್ರಿ, ದಾರ್‍ಯಾಗ ಐತಿ!” ಎಂದು ಆಣೆ ಪ್ರಮಾಣ ಮಾಡುತ್ತಿದ್ದರು. ಮಾಲು ನೋಡಿದರೆ ನಮ್ಮ ಕಾಲಡಿಯಲ್ಲೇ ಬಿದ್ದಿತ್ತು.

ಅಕ್ಕ ಗಾಜಿನಾಚೆಯಿಂದ ಆ ತುಟಿ ನೋಡಿದರು, ಬಿದ್ದ ಮಾಲು ನೋಡಿದರು. ತಮ್ಮಿಂದಲೇ ತಪ್ಪಾಯಿತೆಂದು ಗಾಬರಿಯಾಗಿ ಮಾಲು ಕಟ್ಟಲು ಕೂತರು. ಮಾಲಕರು ಆ ಗಿರಾಕಿಯನ್ನು ಸಮಾಧಾನಪಡಿಸಿ, ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದು, “ಇನ್ನ ಕಟ್ರೆಪಾ ಲಗೂ ಲಗೂ” ಎಂದು ಹೊರಗೆ ಬರುವಷ್ಟರಲ್ಲಿ ಟೆಂಪೊ ಮಾಲು ಇಳಿಸಿ ವಾಪಸು ಬಂದಿತ್ತು.

ಸಂಜೆ ಗಿರಾಕಿಯ ಫೋನು ಬಂತು. “ಸಾವ್ಕಾರ್ರ, ಆರಾಮ ಅದೀರಿಲ್ಲೋ? ಹೇಳಿದಂಗ ಮಾಲು ಬಂದೈತಿ, ಅದಕ್ಕ ಕಾಳಜಿ ಆತು.”

ಮರುದಿನ ಗಾಜಿಗೆ ಪರದೆ ಬಂತು. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ ಪಾಟಿಯ ಮೇಲೆ ಬರೆದರು: ‘ಬಣ್ಣ ಚೆನ್ನಾಗಿದೆ. ಅಗಲ ಸಾಲದು.’

೩. ಏಳನೆಯ ಪೇಢೆ

ಆರು ತಿಂಗಳು ಕಳೆದವು, ವರ್ಷವಾಯಿತು, ಮೂರು ವರ್ಷವಾದವು. ಇಬ್ಬರ ಹೆಸರಿನ ಮುಂದೂ ಅದೇ ‘ಕಲಿಯುವವರು’. ಬರೆಯುತ್ತಿದ್ದ ಕೈ ನನ್ನದೇ. ನಾಚಿಕೆಯಾಗುತ್ತಿತ್ತು, ಆದರೂ ಬರೆಯುತ್ತಿದ್ದೆ.

ಅಷ್ಟರಲ್ಲಿ ಹೆಬ್ಬಳ್ಳಿಯವರಿಗೆ ‘ಮಾಸ್ತರು’ ಎಂಬ ಹೆಸರು ಬಿದ್ದಿತ್ತು. ಹೊಸದಾಗಿ ಸೇರಿದವರಿಗೆ ಮೋಟಾರಿನ ಮೇಲೆ ಅಂಗೈ ಇಟ್ಟು, ಕಿವಿಗೊಟ್ಟು ಸಪ್ಪಳ ಗುರುತಿಸುವುದನ್ನು ಅವರೇ ಕಲಿಸುತ್ತಿದ್ದರು. ಹೊಸಬನೊಬ್ಬ ಬಂದು, “ಯಾರ ಕಡೆ ಕಲೀಬೇಕ್ರಿ?” ಎಂದರೆ, ನಾನು ಪುಸ್ತಕ ನೋಡಿ, “ಅಲ್ಲಿ ಕುಂತಾರಲ್ಲ, ಆ ಕಲಿಯೋರ ಕಡೆ” ಎನ್ನಬೇಕಾಗುತ್ತಿತ್ತು. ಅವನು ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದ.

ಅಂಥವನೊಬ್ಬ ಆರು ತಿಂಗಳಿಗೆ ಕಾಯಂ ಆಗಿ, ಪೂರಾ ಪಗಾರ ಎಣಿಸಿಕೊಂಡು, ಪೇಢೆಯ ಡಬ್ಬಿ ಹಿಡಿದು ಮಾಸ್ತರ ಕಾಲಿಗೆ ಬಿದ್ದ. ಮಾಸ್ತರು ಪೇಢೆ ಬಾಯಿಗೆ ಹಾಕಿಕೊಂಡು ಹೇಳಿದರು: “ಛಲೋ ಆತು ತಮ್ಮಾ. ನನ್ನ ಕೈಯಾಗ ಪಾಸಾದವರೊಳಗ ನೀ ಏಳನೇದಾಂವ. ಮಾಸ್ತರ ಒಬ್ಬಾಂವ ಇನ್ನೂ ಫೇಲ್ ಆಗಾಕತ್ತಾನ ನೋಡು.”

೪. ಯಾರು ಪಾಸು, ಯಾರು ಫೇಲು

ನನ್ನ ಪಾಲಿನ ಪೇಢೆಯನ್ನು ಮೇಜಿನ ಮೇಲೆಯೇ ಬಿಟ್ಟೆ. ಸೀದಾ ಮಾಲಕರ ಖೋಲಿಗೆ ಹೋದೆ. “ಇಬ್ಬರದೂ ಪಗಾರ ಪೂರಾ ಮಾಡ್ರಿ, ಇದು ಛಲೋ ಅಲ್ಲ” ಎಂದೆ.

“ಇಲ್ಲಿ ಬಿಟ್ರ ಎಲ್ಲಿಗೆ ಹೋಗ್ತಾರೋ ಅವರು? ಇದ ದೊಡ್ಡದು ಅವರಿಗೆ” ಎಂದರು ಮಾಲಕರು.

ನಾನು ಹೊರಗೆ ಬಂದೆ. ಮಾಸ್ತರಿಗೆ ಏನೂ ಹೇಳಬಾರದೆಂದುಕೊಂಡಿದ್ದೆ. ಆದರೆ ಪರದೆಯ ಅಗಲ ಸಾಲದೆಂಬುದು ಮರೆತೇಹೋಗಿತ್ತು! ಅಕ್ಕ ಆಗಲೇ ಮಾಸ್ತರ ಅಂಗೈ ಹಿಡಿದು, ಬೆರಳಿನಿಂದ ಒಂದೊಂದೇ ಅಕ್ಷರ ತೀಡುತ್ತಿದ್ದರು. ಕಣ್ಣಿದ್ದಾಗ ಕಲಿತ ಅಕ್ಷರಗಳು ಮಾಸ್ತರಿಗೆ ಮರೆತಿರಲಿಲ್ಲ. ಕೊನೆಯ ಅಕ್ಷರ ಮುಗಿದ ಮೇಲೆ ಅವರು ಆ ಅಂಗೈ ಮುಚ್ಚಿ ಮುಷ್ಟಿ ಕಟ್ಟಿದರು.

ಎರಡು ದಿನದ ಮೇಲೆ ಹುಬ್ಬಳ್ಳಿಯ ದೊಡ್ಡ ಗಿರಾಕಿಯ ಕಡೆಯಿಂದ ಇಂಜಿನಿಯರ್ ಸಾಹೇಬರು ಮಾಲು ನೋಡಲು ಬಂದರು. ವರ್ಷದ ದೊಡ್ಡ ಆರ್ಡರು ಅದು. ಮಾಸ್ತರು ಒಂದೊಂದೇ ಮೋಟಾರಿನ ಮೇಲೆ ಅಂಗೈ ಇಟ್ಟು, ಐವತ್ತರಲ್ಲಿ ಎರಡನ್ನು ಬದಿಗೆ ಸರಿಸಿದರು. ಸಾಹೇಬರು ತಮ್ಮ ಯಂತ್ರ ಹಚ್ಚಿ ನೋಡಿದರೆ, ಅವೇ ಎರಡು ಕೆಟ್ಟವು! ಸಾಹೇಬರು ಯಂತ್ರವನ್ನು ಚೀಲಕ್ಕೆ ಹಾಕಿ, “ಇವರ ಪಾಸ್ ಶಿಕ್ಕಾ ಇದ್ರ ಸಾಕ್ರಿ ನನಗ” ಎಂದರು.

ನಾನು ‘ಪಾಸ್’ ಮುದ್ರೆಯ ಶಿಕ್ಕಾ ತಂದು ಮಾಸ್ತರ ಕೈಗಿಟ್ಟೆ. ಮಾಸ್ತರು ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟುಬಿಟ್ಟರು.

“ನಾ ಹೊಡಿಯಾಂಗಿಲ್ರಿ. ನಾ ಇನ್ನೂ ಕಲಿಯಾಂವ್ರಿ. ಕಾರಕೂನ್ರ ಪುಸ್ತಕದಾಗ ಹಂಗ ಐತಿ. ಕಲಿಯಾಂವ ಪಾಸ್ ಮಾಡಿದ್ರ ನಾಳೆ ನಿಮಗ ತ್ರಾಸು.”

ಸಾಹೇಬರ ಹುಬ್ಬು ಮೇಲೇರಿತು. “ಏನ್ರಿ ಸಾವ್ಕಾರ್ರ, ಕಲಿಯೋರ ಕೈಯಾಗ ನಮ್ಮ ಮಾಲು ಕೊಟ್ಟೀರಿ?”

ಮಾಲಕರ ಮುಖ ನೋಡುವಂತಿತ್ತು. ಫ್ಯಾನು ತಿರುಗುತ್ತಿದ್ದರೂ ಬೆವರು ಇಳಿಯಿತು. “ಛೇ ಛೇ! ಯಾರಂದ್ರು? ಇವರು ನಮ್ಮ ಮುಖ್ಯ ತಪಾಸಣಿಯವರು! ಆ ಕಾರಕೂನಗ ಬರಿಯಾಕ ಬರಂಗಿಲ್ರಿ!”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬೈಸಿಕೊಂಡು ಅಷ್ಟು ಖುಷಿಯಾದದ್ದು ಅದೊಂದೇ ಸಲ. ಹಾಜರಿ ಪುಸ್ತಕ ತರಲು ತಿರುಗಿದರೆ, ಮಾಲಕರ ತುಟಿ ಓದಿದ ಅಕ್ಕ ಆಗಲೇ ಅದನ್ನು ತೆರೆದು, ಪೆನ್ನಿನ ಸಮೇತ ಹಿಡಿದು ನಿಂತಿದ್ದರು. ನಾನು ‘ಕಲಿಯುವವರು’ ಹೊಡೆದುಹಾಕಿ ‘ಮುಖ್ಯ ತಪಾಸಣೆ, ಪೂರಾ ಪಗಾರ’ ಎಂದು ಬರೆದೆ. ಸಾಹೇಬರ ಎದುರಿಗೇ ಮಾಲಕರು ಸಹಿ ಹಾಕಿದರು.

ಪೆನ್ನು ಮೇಲೇಳಲು ಅಕ್ಕ ಬಿಡಲಿಲ್ಲ. ಅವರ ಬೆರಳು ಕೆಳಗಿನ ಸಾಲಿನ ಮೇಲೆ ಬಂದು ಕೂತಿತ್ತು. ಅದು ಅವರದೇ ಹೆಸರು. ಮಾಲಕರು ಬೆರಳು ನೋಡಿದರು, ಸಾಹೇಬರನ್ನು ನೋಡಿದರು, ಅಲ್ಲಿಯೂ ಸಹಿ ಹಾಕಿದರು. ನನ್ನ ಕಣ್ಣು ಒದ್ದೆಯಾಯಿತು. ಆದರೆ ಕಾರಕೂನನ ಬುದ್ಧಿ ಎಲ್ಲಿಗೆ ಹೋಗುತ್ತದೆ?

“ಮಾಸ್ತರ, ಇನ್ನ ಈ ಪುಸ್ತಕದಾಗ ಕಲಿಯೋರು ಯಾರೂ ಉಳೀಲಿಲ್ಲಲ್ರಿ?” ಎಂದೆ.

ಮಾಸ್ತರು ಶಿಕ್ಕಾ ಎತ್ತಿ ಠಪ್ಪೆಂದು ಕಾಗದದ ಮೇಲೆ ಹೊಡೆದರು.

“ಮಾಲಕರು ಇದ್ರಲ್ರಿ. ಮೂರು ವರ್ಷ ಹಿಡೀತು, ಇವತ್ತ ಪಾಸಾದ್ರು. ಮಾಸ್ತರ ಫೀ ಅಷ್ಟ ಬಾಕಿ ಐತಿ.”