ಏರುವ ಮೇಜು, ಮುಚ್ಚದ ಬಾಗಿಲು

ಇನ್ನು ಮರಗೆಲಸವೆಲ್ಲ ನನ್ನದೇ, ಈ ಮನೆಯ ಹೊಸ್ತಿಲನ್ನು ಯಾವ ಬಡಗಿಯೂ ತುಳಿಯಕೂಡದು ಎಂದು ಒಂದು ಬೆಳಿಗ್ಗೆ ಘೋಷಿಸಿಬಿಟ್ಟೆ! ಕಾರಣ ನಮ್ಮ ಬಚ್ಚಲುಮನೆಯ ಬಾಗಿಲು. ಅದು ಉಬ್ಬಿಕೊಂಡು ಚೌಕಟ್ಟಿನೊಳಗೆ ಕೂರುತ್ತಲೇ ಇರಲಿಲ್ಲ. ಒಳಗಿದ್ದವರು ಬಿಡದೆ ಕೆಮ್ಮುತ್ತಿರಬೇಕು. ಕೆಮ್ಮು ನಿಂತರೆ ಹೊರಗಿನವರು ಬಾಗಿಲು ತಳ್ಳಿಬಿಡುತ್ತಾರೆ.

“ಇನ್ನು ಮೂರು ವಾರಕ್ಕೆ ಅಮ್ಮ ಬರ್ತಾರೆ,” ಎಂದಳು ಹೆಂಡತಿ. “ಅಷ್ಟರಲ್ಲಿ ಚಿಲಕ ಬೀಳ್ಬೇಕು. ಇಲ್ದಿದ್ರೆ ಅಮ್ಮ ಬಂದ ಬಸ್ಸಲ್ಲೇ ವಾಪಸ್ಸು. ಜೊತೆಗೆ ನಾನೂ! ಬಡಗಿ ಬಂದು ಅಂಚು ಹೆರೆಯೋಕೆ ನಾಲ್ಕು ಸಲ ಹತ್ತರಿ ಎಳೆದ್ರೆ ಮುಗೀತು.”

“ಆ ನಾಲ್ಕು ಸಲ ನಾನೇ ಎಳೀತೀನಿ! ಮೊದಲು ಒಂದು ಗಟ್ಟಿಮುಟ್ಟಾದ ಮೇಜು ಬೇಕು.”

“ಊಟದ ಮೇಜು ಇದೆಯಲ್ರೀ?”

ಅಯ್ಯೋ ಅಜ್ಞಾನವೇ! ಹತ್ತರಿ ಹೊಡೆಯಲು ಮೇಜು ಮಣಿಕಟ್ಟಿನ ಎತ್ತರಕ್ಕಿರಬೇಕು, ಸಣ್ಣ ಕೆತ್ತನೆಗೆ ಎದೆಮಟ್ಟಕ್ಕೆ ಏರಬೇಕು, ಯಾವ ಎತ್ತರದಲ್ಲೂ ಕೂದಲೆಳೆಯಷ್ಟೂ ಅಲುಗಬಾರದು ಎಂದು ಅವಳಿಗೆ ಬೋಧಿಸಿದೆ.

“ಕೆತ್ತನೆ ಯಾರು ಮಾಡ್ತಾರೆ?”

“ಮುಂದೆ ಬೇಕಾಗ್ಬಹುದು!”

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಂಡ ಕಂಡ ಮೇಜನ್ನೆಲ್ಲ ಹಿಡಿದು ಅಲ್ಲಾಡಿಸುವ ಚಟ ಹತ್ತಿತು. ಬ್ಯಾಂಕಿನದನ್ನು ಅಲ್ಲಾಡಿಸಿದೆ, ದಂತವೈದ್ಯರದನ್ನು ಅಲ್ಲಾಡಿಸಿದೆ. ಆಫೀಸಿನಲ್ಲಿ ಮೇಲಧಿಕಾರಿಯ ಮೇಜನ್ನು ಅಲ್ಲಾಡಿಸಿದಾಗ ಅವರ ಚಹಾ ನೇರವಾಗಿ ನನ್ನದೇ ರಜೆ ಅರ್ಜಿಯ ಮೇಲೆ ಚೆಲ್ಲಿತು!

ಮೊದಲ ಅಂಗಡಿಯ ಮೇಜು ನಾನು ಒಮ್ಮೆ ನೂಕಿದ್ದಕ್ಕೇ ನಡೆಯತೊಡಗಿತು. ಎರಡನೆಯದು ಕೆಳಗಿದ್ದಾಗ ಸಾಧು, ಮೇಲೇರಿಸಿದರೆ ಗಡಗಡ ನಡುಗುತ್ತಿತ್ತು. ಮೂರನೆಯ ಅಂಗಡಿಯಲ್ಲಿ ನಾನು ತೋಳೇರಿಸಿ, ಕಾಲೂರಿ, ಇಲ್ಲದ ಹತ್ತರಿಯನ್ನು ಗಾಳಿಯಲ್ಲಿ ತಳ್ಳುತ್ತಿದ್ದಾಗ ಅಂಗಡಿಯವನು ಕೈಮುಗಿದ.

“ಸಾರ್, ಮೇಜು ತಗೋತೀರೋ, ಕುಸ್ತಿ ಆಡ್ತೀರೋ?”

ಮೂರನೆಯ ವಾರದ ಶನಿವಾರ ಅಂತೂ ಸಿಕ್ಕಿತು ನನ್ನ ಮೇಜು! ಆನೆಯಂಥ ಕಾಲುಗಳು, ಮರವನ್ನು ಕಚ್ಚಿ ಹಿಡಿಯುವ ವೈಸು, ತಿರುಗಿಸಿದರೆ ಸರಾಗವಾಗಿ ಏರಿಳಿಯುವ ಹಿಡಿ. ನಾಲ್ವರು ಏದುಸಿರು ಬಿಡುತ್ತಾ ಹೊತ್ತು ತಂದು, ಬಚ್ಚಲುಮನೆಯ ಎದುರಿಗೇ ಇಳಿಸಿ, ಮುಂದಕ್ಕೆ ಒಂದು ಗೇಣೂ ಒಯ್ಯುವುದಿಲ್ಲವೆಂದು ಹೊರಟುಹೋದರು.

ಭಾನುವಾರ ಬೆಳಿಗ್ಗೆ ಬಾಗಿಲನ್ನು ಕೀಲಿನಿಂದ ಕಳಚಿದೆ. ಅದನ್ನು ಉದ್ದಕ್ಕೆ ಮಲಗಿಸಿ, ಅಂಚು ಮೇಲೆ ಬರುವಂತೆ ವೈಸಿಗೆ ಸಿಕ್ಕಿಸಿದೆ. ಹಿಡಿ ತಿರುಗಿಸಿ ಒಂದಂಗುಲ ಮೇಲೇರಿಸಿದೆ. ಹೆಚ್ಚಾಯಿತು. ಅರ್ಧ ಅಂಗುಲ ಇಳಿಸಿದೆ. ಕಡಿಮೆಯಾಯಿತು. ಮತ್ತೆ ಏರಿಸಿದೆ.

“ಹತ್ತರಿ ಹೊಡೀತೀರೋ, ಬಾವಿಯಿಂದ ನೀರು ಸೇದ್ತೀರೋ?” ಅಡುಗೆಮನೆಯಿಂದ ಕೂಗು ಬಂತು. “ಅಮ್ಮನ ಬಸ್ಸು ಹತ್ತು ಗಂಟೆಗೆ!”

ಕೊನೆಗೆ ಎತ್ತರ ಕೂಡಿಬಂತು. ಹತ್ತರಿ ಎಳೆದೆ. ಆಹಾ, ಮರದ ಸುರುಳಿ ರೇಷ್ಮೆಯಂತೆ ಹೊರಬಂತು! ಮೇಜು ಮಿಸುಕಲಿಲ್ಲ. ನಾಲ್ಕು ಸಲ ಎಳೆಯಬೇಕಿತ್ತು, ನಾನು ನಲವತ್ತು ಸಲ ಎಳೆದೆ. ಆನಂದದಲ್ಲಿ ಮೈಮರೆತಿದ್ದವನಿಗೆ ಹೆಂಡತಿಯ ನೆರಳು ಬಾಗಿಲ ಮೇಲೆ ಬಿದ್ದಾಗಲೇ ಎಚ್ಚರ.

“ರೀ, ಉಬ್ಬಿದ್ದು ಚಿಲಕದ ಕಡೆ. ನೀವು ಕೆತ್ತಿರೋದು ಕೀಲಿನ ಕಡೆ!”

ಕೀಲು ಕೂರುವ ಗುಳಿಗಳೇ ಮಾಯವಾಗಿದ್ದವು. ಬಾಗಿಲನ್ನು ಮತ್ತೆ ಚೌಕಟ್ಟಿಗೆ ಕೂರಿಸುವಂತೆಯೇ ಇರಲಿಲ್ಲ. ಅದೇ ಹೊತ್ತಿಗೆ ಹೊರಗೆ ಅತ್ತೆಯವರ ದನಿ: “ಐದು ಗಂಟೆ ಪ್ರಯಾಣ ಕಣೇ, ಮೊದಲು ಬಚ್ಚಲುಮನೆ ಎಲ್ಲಿ ಹೇಳು!”

ಆರಡಿಗೆ ಎರಡೇ ಅಂಗುಲ ಕಡಿಮೆಯ ಅತ್ತೆ ಬಿರುಗಾಳಿಯಂತೆ ಬಚ್ಚಲುಮನೆಯೊಳಗೆ ನುಗ್ಗಿದರು. ತಿರುಗಿ ನೋಡಿದರೆ ಬಾಗಿಲೇ ಇಲ್ಲ! ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಬೆಂಕಿಪೆಟ್ಟಿಗೆ ಬೇಕಿರಲಿಲ್ಲ. ಅವಳು ಹೋಗಿಬಿಡುತ್ತಾಳೆ ಎಂದು ನಿಜವಾಗಿಯೂ ಹೆದರಿದೆ.

“ತಳ್ಳಿ ಮೇಜನ್ನ!” ಎಂದಳು.

“ಇದು ಅಲ್ಲಾಡಲ್ಲ ಕಣೇ!”

“ಅಲ್ಲಾಡಿಸಿ!”

ಇಬ್ಬರೂ ಸೊಂಟ ಮುರಿಯುವಂತೆ ತಳ್ಳಿ, ಬಾಗಿಲು ಕಚ್ಚಿಕೊಂಡಿದ್ದ ಮೇಜನ್ನು ಆ ಖಾಲಿ ಚೌಕಟ್ಟಿಗೆ ಅಡ್ಡ ನಿಲ್ಲಿಸಿದೆವು. ಕೆಳಗಿನ ಸಂದಿಗೆ ಅವಳು ದುಪ್ಪಟಿ ಇಳಿಬಿಟ್ಟಳು. ನಾನು ಬೆನ್ನು ತಿರುಗಿಸಿ ನಿಂತು, ಹಿಡಿಯನ್ನು ಗರಗರ ತಿರುಗಿಸಿ ಮೇಜನ್ನು ಏರಿಸಿದೆ. ಅತ್ತೆ ಬೈಯಲಿಲ್ಲ, ಬಸ್ಸಿನ ಮಾತೆತ್ತಲಿಲ್ಲ. ಗೆದ್ದೆನೆಂದು ಉಸಿರು ಬಿಡುವಷ್ಟರಲ್ಲಿ ಒಳಗಿನಿಂದ ಗಂಭೀರವಾದ ದನಿ ಕೇಳಿಸಿತು:

“ಅಳಿಯಂದಿರೇ, ಇನ್ನೆರಡು ಸುತ್ತು ತಿರುಗಿಸಿ. ನಿಮ್ಮ ಬೋಳುತಲೆ ಇನ್ನೂ ಕಾಣ್ತಿದೆ!”