ದಿನಕ್ಕೊಂದು ಸಂದೇಹ ಕಡ್ಡಾಯ

ಶಿಸ್ತಿಲ್ಲದ ಕಡೆ ನಗೆಪಾಟಲಾಗುತ್ತದೆ ಎಂದು ನಾನು ಕಲಿತ ಕಾನ್ವೆಂಟಿನ ಸಿಸ್ಟರ್‌ಗಳು ಹೇಳುತ್ತಿದ್ದರು. ಅವರು ಈಗಿನ ಖಾಸಗಿ ವಸತಿ ಪಿಯು ಕಾಲೇಜುಗಳನ್ನು ನೋಡಿರಲಿಲ್ಲ. ಇಲ್ಲಿ ಶಿಸ್ತು ಹೆಚ್ಚಾದಷ್ಟೂ ನಗೆಪಾಟಲು ಹೆಚ್ಚು. ಹುಬ್ಬಳ್ಳಿ-ಧಾರವಾಡಗಳ ನಡುವೆ ಇರುವ ಅಂಥದೊಂದು ಕಾಲೇಜಿನಲ್ಲಿ, ಶಿಕ್ಷಕಿಯಾಗಿ ನಿವೃತ್ತಳಾದ ನಾನು, ಹುಡುಗಿಯರ ಮೇಲ್ವಿಚಾರಕಿ. ಹುಬ್ಬಳ್ಳಿಯ ಕೇಶ್ವಾಪುರದಿಂದ ದಿನಾಲು ಬಸ್ಸಿಗೆ ಬಂದು ಇದನ್ನೆಲ್ಲ ನೋಡಬೇಕಾಗಿದೆ.

ಐದರಿಂದ ಆರು

ನಸುಕಿನಲ್ಲೇ ಪುಸ್ತಕದ ಮುಂದೆ ಕೂಡುವ ಹುಡುಗಿಯರಿಗೆ ದಿನದಲ್ಲಿ ಆಕಾಶ ಕಾಣುತ್ತಿದ್ದುದು ಒಂದೇ ಗಂಟೆ: ಸಂಜೆ ಐದರಿಂದ ಆರು, ಥ್ರೋಬಾಲ್ ಅಂಗಳದಲ್ಲಿ. ಒಂದು ಸೋಮವಾರ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಅದನ್ನು ರದ್ದುಮಾಡಿ, ಚೆಂಡನ್ನು ಕಪಾಟಿನಲ್ಲಿಡಿಸಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟರು. ಆ ಗಂಟೆಗೆ ಇನ್ನು ಮುಂದೆ 'ಸಂದೇಹ ನಿವಾರಣಾ ತರಗತಿ'.

"ಆಟಾ ಆಡಿ ಯಾರರ ಡಾಕ್ಟರ್ ಆಗ್ಯಾರೇನ್ರಿ ಮೇಡಂ?" ಎಂದರು.

"ಆಟಾ ಆಡಲಾರದ ಡಾಕ್ಟರ್ ಆದವರ ಕಡೆ ನಾ ಅಂತೂ ಔಷಧ ತಗೊಳ್ಳಂಗಿಲ್ರಿ," ಎಂದೆ.

"ಅಂದ್ರ ನೀವು ಒಪ್ಪಿದಂಗಾತು," ಎಂದು ನೋಟೀಸಿಗೆ ಸಹಿ ಹಾಕಿದರು.

ಹಾಲು

ನೋಟೀಸು ಕಠಿಣವಾಗಿತ್ತು. ಪ್ರತಿ ವಿದ್ಯಾರ್ಥಿನಿ ದಿನಕ್ಕೆ ಕನಿಷ್ಠ ಒಂದು ಸಂದೇಹವನ್ನು ರಿಜಿಸ್ಟರಿನಲ್ಲಿ ಬರೆಯತಕ್ಕದ್ದು. ಅದು ಪೂರ್ಣವಾಗಿ ನಿವಾರಣೆಯಾಗುವವರೆಗೆ ಶಿಕ್ಷಕರು ಬಿಡತಕ್ಕದ್ದಲ್ಲ. ನಿವಾರಣೆಯಾಯಿತೆಂದು ನಾನು ಸಹಿ ಮಾಡತಕ್ಕದ್ದು.

ವಾರದೊಳಗೆ ಹುಡುಗಿಯರ ಸಂದೇಹಗಳು ಮುಗಿದುಹೋದವು. ಹಾಸ್ಟೆಲಿನವರು ಗೋಡೆ ನೋಡುತ್ತ ಕುಳಿತರು. ಮನೆಯಿಂದ ಬಂದುಹೋಗುವವರು ಮನೆಯಲ್ಲಿದ್ದ ಸಂದೇಹಗಳನ್ನೇ ಹೊತ್ತು ತಂದರು. ಒಬ್ಬಳು ತನ್ನ ಅಜ್ಜಿಯದನ್ನು ಬರೆದಳು: 'ನೋಡುತ್ತ ನಿಂತರೆ ಹಾಲು ಉಕ್ಕುವುದಿಲ್ಲ, ಬೆನ್ನು ತಿರುಗಿಸಿದ ಕೂಡಲೇ ಉಕ್ಕುತ್ತದೆ. ಏಕೆ?'

ಭೌತಶಾಸ್ತ್ರದ ಮೇಷ್ಟ್ರು ಆರು ಗಂಟೆಯವರೆಗೆ ಬೋರ್ಡು ತುಂಬ ಬರೆದರು. ನನಗೆ ಸಿಟ್ಟು ಬಂತು. "ಸರ್, ಇದು ಪರೀಕ್ಷಾದಾಗ ಬರ್ತದೇನ್ರಿ?"

"ಪರೀಕ್ಷಾದಾಗ ಬರ್ತದೋ ಇಲ್ಲೋ ಗೊತ್ತಿಲ್ರಿ ಮೇಡಂ," ಎಂದರು ಅವರು ಕೈಯ ಸೀಮೆಸುಣ್ಣದ ಪುಡಿ ಝಾಡಿಸುತ್ತ, "ನಮ್ಮ ಮನ್ಯಾಗ ದಿನಾ ಮುಂಜಾನೆ ಬರ್ತದ."

ಹನ್ನೆರಡೇ?

ಯಾರದು ಎಷ್ಟು ಸಂದೇಹ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕೆಂದೂ ಅಪ್ಪಣೆಯಾಯಿತು. ಪಾಲಕರ ಭೆಟ್ಟಿಯ ಭಾನುವಾರ ಉಪ್ಪಿನಬೆಟಗೇರಿಯ ರೈತರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರ ಮಗಳು ಥ್ರೋಬಾಲಿನಲ್ಲಿ ಎಲ್ಲರಿಗಿಂತ ಗಟ್ಟಿ. ಚೆಂಡು ಕಪಾಟು ಸೇರಿದ ಮೇಲೆ ಆ ಹುಡುಗಿಯ ಊಟ ಮೂರು ರೊಟ್ಟಿಯಿಂದ ಒಂದಕ್ಕೆ ಇಳಿದಿತ್ತು. ಅದನ್ನು ತಿಳಿಸೋಣವೆಂದು ಹತ್ತಿರ ಹೋದರೆ, ಅವರೇ ಮೊದಲು ಶುರುಮಾಡಿದರು.

"ಮೇಡಂ ಅವರ, ಬಾಜೂಕಿನ ಹುಡುಗೀಗೆ ಮೂವತ್ತು ಡೌಟ್ ಅದಾವು. ನಮ್ಮಾಕೀಗೆ ಬರೇ ಹನ್ನೆರಡು! ನಾವೇನ್ ಕಡಿಮಿ ಮಾಡೇವ್ರಿ ಅಕೀಗೆ?"

"ಕಡಿಮಿ ಅಂದ್ರ ಛಲೋನ್ರಿ. ಪಾಠ ತಿಳದದ ಅಂತ ಅರ್ಥ."

ಅವರು ಗಾಬರಿಯಾದರು. "ಅಯ್ಯ, ಇಷ್ಟ ಲಗೂ ತಿಳೀಲಿಕ್ಕೆ ಬಿಡಬ್ಯಾಡ್ರಿ! ಇನ್ನೂ ಎರಡು ವರ್ಷ ಐತಿ."

ರೊಟ್ಟಿಯ ಮಾತು ನನ್ನ ಬಾಯಲ್ಲೇ ಉಳಿಯಿತು.

ಗಾಳಿ

ಮರುದಿನ ಹಾಸ್ಟೆಲಿನ ನಲವತ್ತು ಹುಡುಗಿಯರೂ ಒಂದೇ ಸಂದೇಹ ಬರೆದರು: 'ನಲವತ್ತೈದು ಡಿಗ್ರಿಯಲ್ಲಿ ಎಸೆದ ಚೆಂಡು ಎಲ್ಲಕ್ಕಿಂತ ದೂರ ಹೋಗುತ್ತದೆಂದು ಪುಸ್ತಕ ಹೇಳುತ್ತದೆ. ನಮಗೆ ನಂಬಿಕೆಯಾಗುವುದಿಲ್ಲ.' ಮೊದಲ ಸಹಿ ಉಪ್ಪಿನಬೆಟಗೇರಿಯವಳದು.

ಮೇಷ್ಟ್ರು ನನ್ನ ಬಳಿ ಬಂದರು. "ಬೋರ್ಡಿನ ಮ್ಯಾಲೆ ಮೂರು ಸಲ ಮಾಡಿ ತೋರಿಸಿದೆ ಮೇಡಂ. ಒಬ್ಬಾಕಿನೂ ನಂಬವಲ್ಲಳು."

ಹುಡುಗಿಯರ ಹೂಟ ನನಗೆ ತಿಳಿಯದ್ದೇನಲ್ಲ. ನೋಟೀಸನ್ನು ಇನ್ನೊಮ್ಮೆ ಓದಿದೆ. ನಿವಾರಣೆ ಪೂರ್ಣವಾಗಬೇಕೆಂದಿತ್ತು, ಕೋಣೆಯೊಳಗೇ ಆಗಬೇಕೆಂದು ಎಲ್ಲಿಯೂ ಇರಲಿಲ್ಲ. ನಾನು ಕಪಾಟಿನ ಕೀಲಿ ತೆಗೆದೆ.

ಮೂರು ಸಂಜೆ ಹುಡುಗಿಯರು ಚೆಂಡು ಎಸೆದರು. ಮೂರು ಸಂಜೆಯೂ ನಾನು ರಿಜಿಸ್ಟರ್ ಹಿಡಿದು "ಹೋತೇನ ಸಂದೇಹ?" ಎಂದು ಕೇಳಿದೆ. "ಇನ್ನೂ ಇಲ್ರಿ ಮೇಡಂ," ಎಂದರು ನಲವತ್ತೂ ಜನ. ಸುಳ್ಳು ಸಹಿ ನನ್ನಿಂದಾಗದು. 'ನಿವಾರಣೆಯಾಗಿಲ್ಲ' ಎಂದೇ ಬರೆದೆ.

ನಾಲ್ಕನೆಯ ಸಂಜೆ ಅಧ್ಯಕ್ಷರ ಕಾರು ಅಂಗಳಕ್ಕೇ ಬಂತು. "ಏನಿದು? ಯಾರು ಬಿಟ್ರು ಇವರನ್ನ ಹೊರಗ?"

"ನಿಮ್ಮ ನೋಟೀಸ್ ರಿ," ಎಂದೆ.

ಉಪ್ಪಿನಬೆಟಗೇರಿಯವಳು ಚೆಂಡು ಹಿಡಿದೇ ಮುಂದೆ ಬಂದಳು. "ಪುಸ್ತಕದಾಗ ಗಾಳಿ ಇಲ್ರಿ ಸರ್. ಧಾರವಾಡದಾಗ ಐತಿ. ಅದಕ್ಕ ಲೆಕ್ಕ ತಪ್ಪತೈತಿ."

"ತಪ್ಪೋದು ಲೆಕ್ಕ ಅಲ್ಲವ್ವಾ, ನಿಮ್ಮ ತೋಳು! ಕೊಡಿಲ್ಲೆ," ಎಂದು ಚೆಂಡು ಕಸಿದುಕೊಂಡು ಅಧ್ಯಕ್ಷರು ಬೀಸಿ ಎಸೆದರು. ಅದು ನೇರ ಮೇಲಕ್ಕೆ ಹೋಗಿ, ಸ್ವಲ್ಪ ಯೋಚಿಸಿ, ಅವರ ಕಾರಿನ ಮೇಲೆಯೇ ಇಳಿಯಿತು.

ಯಾರೂ ನಗಲಿಲ್ಲ. ಅಷ್ಟು ಶಿಸ್ತನ್ನು ನಾನು ಕಲಿಸಿದ್ದೇನೆ. ಮೇಷ್ಟ್ರಿಗೆ ಮಾತ್ರ ಕೆಮ್ಮು ಬಂತು.

ಅಧ್ಯಕ್ಷರು ಕೋಟು ಬಿಚ್ಚಿದರು. ಆಮೇಲೆ ಬೂಟು. ಒಂಬತ್ತು ಸಲ ಎಸೆದರು. ಆರರ ಗಂಟೆ ಹೊಡೆದಾಗ, "ಯಾರವ ಗಂಟಿ ಹೊಡದಾವ? ನಿಂದರಸು ಅದನ್ನ!" ಎಂದು ಕೂಗಿದರು.

ನಾನು ರಿಜಿಸ್ಟರ್ ತೆರೆದೆ. "ಸರ್, ನಿಮ್ಮ ಸಂದೇಹ ಹೋತೇನ್ರಿ?"

"ಎಲ್ಲೀದ್ರಿ ಮೇಡಂ!" ಎಂದು ಬೆವರು ಒರೆಸಿಕೊಂಡರು. "ಇವತ್ತು ಗಾಳಿ ಖರೇನ ಭಾಳ ಐತಿ. ನಾಳೆ ಐದಕ್ಕ ಮತ್ತ ಬರ್ತೇನಿ. ಈ ಹುಡುಗ್ಯಾರನ್ನ ತಯಾರ್ ಇಡ್ರಿ."

ನಲವತ್ತೊಂದನೆಯ ಸಾಲಿನಲ್ಲಿ ಅವರ ಹೆಸರು ಬರೆದು, ಎದುರಿಗೆ ಸಹಿ ಮಾಡಿಸಿಕೊಂಡೆ.