ಕಣದಂಚಿನ ಮುಳ್ಳುಗಿಡ

ಕಂಡ ಗಿಡದ ಹೆಸರು ಗೊತ್ತಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಮದುವೆ ಮನೆಗೆ ಹೋದರೂ ವಧೂವರರನ್ನು ಬಿಟ್ಟು ಚಪ್ಪರದ ಸೊಪ್ಪು ಯಾವ ಮರದ್ದೆಂದು ನೋಡುವವಳು ನಾನು. ನಮ್ಮ ಯಜಮಾನರ ಪ್ರಕಾರ ಇದೊಂದು ಕಾಯಿಲೆ. ಕಾಫಿ, ಮೆಣಸು, ನೆರಳಿನ ಮರ ಬಿಟ್ಟರೆ ಇಡೀ ಮೂಡಿಗೆರೆ ಸೀಮೆಯಲ್ಲಿ ಬೆಳೆಯುವುದೆಲ್ಲ ಅವರಿಗೆ ಕಳೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಫಿ ಕಣದ ಅಂಚಿನಲ್ಲಿ ಸೊಂಟದೆತ್ತರದ ಗಿಡವೊಂದು ಎದ್ದು ನಿಂತಿತ್ತು. ಕಾಂಡದ ತುಂಬ ಮುಳ್ಳು, ಎಲೆಯ ಮೇಲೂ ಮುಳ್ಳು, ಕೆಳಗೂ ಮುಳ್ಳು. ಇಷ್ಟೆಲ್ಲ ಸಿಟ್ಟಿನ ನಡುವೆ ನಕ್ಷತ್ರದಂಥ ನೇರಳೆ ಹೂ, ಮಧ್ಯೆ ಹಳದಿ ಕೇಸರ. ಬದನೆಯ ನೆಂಟನೆಂದು ಹೂವೇ ಹೇಳುತ್ತಿತ್ತು, ಯಾವ ನೆಂಟನೆಂದು ಮಾತ್ರ ಹೇಳಲಿಲ್ಲ. ಕಣದ ಸುತ್ತ ಸವರಲು ಕತ್ತಿ ಹಿಡಿದು ಬಂದ ಇವರನ್ನು ತಡೆದೆ. "ಕಾಯಿ ನೋಡ್ದೆ ಹೆಸರು ಹೇಳೋಕಾಗಲ್ಲ, ಸ್ವಲ್ಪ ತಡೀರಿ."

"ಹೆಸರು ಗೊತ್ತಾದ ದಿನ ಕಡಿತೀನಿ ಮಾರಾಯ್ತಿ. ಹಣ್ಣು ಕುಯ್ಲು ಶುರುವಾದ್ರೆ ಕಾಫಿ ಹರವೋದೆಲ್ಲಿ?" ಎಂದರು. ನಾನೂ ಧಾರಾಳವಾಗಿ ಒಪ್ಪಿಕೊಂಡೆ.

ತೊಂದರೆ ಶುರುವಾದದ್ದೇ ಆಮೇಲೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ನಿಂತು ಗಿಡದ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಅದು ನನ್ನ ಸೀರೆಯ ನೆರಿಗೆ ಹರಿಯಿತು, ಇವರ ಪಂಚೆ ಹಿಡಿದು ಜಗ್ಗಿತು, ಆದರೂ ಪ್ರೀತಿ ಕಮ್ಮಿಯಾಗಲಿಲ್ಲ. ಗೋಲಿಯಷ್ಟು ಕಾಯಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅನುಮಾನವೇ ಉಳಿಯಲಿಲ್ಲ. ಕಿರುಗುಳ್ಳ! ಗೊತ್ತಿದ್ದ ಹೆಸರನ್ನು ನಾನು ಬಾಯಲ್ಲೇ ನುಂಗಿಕೊಂಡದ್ದು ಅದೇ ಮೊದಲು. "ಗೊತ್ತಾಯ್ತಾ?" ಎಂದು ಇವರು ಕೇಳಿದಾಗಲೆಲ್ಲ "ಇನ್ನೂ ಇಲ್ಲ" ಎನ್ನುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ತೋಟದ ಗಿರಿಜಕ್ಕ ಬಂದರು. ಇವರ ಎದುರಿಗೇ, "ಅಯ್ಯೋ, ಇದು ಕಿರುಗುಳ್ಳ ಅಲ್ವೇನೇ!" ಎಂದುಬಿಟ್ಟರು. ಇವರು ಕತ್ತಿಗೆಂದು ಎದ್ದೇಬಿಟ್ಟರು.

"ಗುಳ್ಳದಲ್ಲಿ ಬೇಕಾದಷ್ಟು ಥರ ಇದಾವೆ ಅಕ್ಕ. ನೆಲಗುಳ್ಳ ಇದ್ರೂ ಇರಬಹುದು" ಎಂದೆ.

"ನೆಲಗುಳ್ಳ ನೆಲಕ್ಕೆ ಹರಡ್ಕೊಂಡಿರುತ್ತೆ ಕಣೇ. ಇದು ನಿಂತಿದೆಯಲ್ಲ!"

"ಗೊಬ್ಬರ ಹೆಚ್ಚಾಗಿ ಎದ್ದು ನಿಂತಿರಬಹುದು."

ಗಿರಿಜಕ್ಕ ನನ್ನ ಹಣೆ ಮುಟ್ಟಿ ನೋಡಿದರು. ಇವರು ನನ್ನ ಮುಖವನ್ನೊಮ್ಮೆ, ಗಿಡವನ್ನೊಮ್ಮೆ ನೋಡಿ ಮತ್ತೆ ಕೂತರು. ಕುಯ್ಲು ಬಂದಾಗ ಗಿಡದ ಸುತ್ತ ಜಾಗ ಬಿಟ್ಟು ಕಾಫಿ ಹರವಿದರು. ನನಗೆ ಅವರ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಬಂತು.

ಮೊನ್ನೆ ಮಳೆ ಬಿದ್ದ ಮೇಲೆ ನೋಡಿದರೆ ಕಣದ ಉದ್ದಕ್ಕೂ ಪುಟ್ಟ ಪುಟ್ಟ ಮುಳ್ಳಿನ ಸಸಿಗಳು.

"ಇವುಗಳ ಹೆಸರೂ ಗೊತ್ತಿಲ್ವೇನೋ?" ಎಂದು ಇವರು ಕೇಳಿದರು.

ನಾನು ಕನ್ನಡಕ ಏರಿಸಿ ಬಗ್ಗಿ ನೋಡಿ, "ಇವು ಯಾಕೋ ಬೇರೆ ಥರ ಕಾಣ್ತವೆ. ಹೂ ಬಿಡ್ಲಿ, ನೋಡೋಣ" ಎಂದೆ.